ಮೂರನೆಯ ಸಲ ಬಂದ ನಡುಕ

ಮಮ್ಮಾಲಿಯ ಬಿಳಿ ಕಾರು ಸೀತಾಂಗೋಳಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಜನಾರ್ದನ ಇನ್ನೊಂದು ಗಾಡಿಯ ಅಡಿಯಿಂದ ಆಗಷ್ಟೇ ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಕಾರು ಬ್ರೇಕ್ ಮುಟ್ಟಲು ಹೆದರಿದ ಹಾಗೆ, ಗೇರಿನಲ್ಲೇ ವೇಗ ಇಳಿಸುತ್ತಾ ಬಂದು ವರ್ಕ್‌ಶಾಪಿನ ಎದುರು ನಿಂತಿತು. ಆ ನಿಂತ ರೀತಿಯಲ್ಲೇ ಅವನಿಗೆ ವಿಷಯ ಗೊತ್ತಾಯಿತು. ಪುನಃ ಅದೇ.

ಜನಾರ್ದನನಿಗೆ ಐವತ್ತಾರು ವರ್ಷ. ಮಂಗಳೂರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಬಂದು ಇಲ್ಲಿ ತಗಡಿನ ಶೆಡ್ಡು ಹಾಕಿ ಮೂವತ್ತೊಂದು ವರ್ಷವಾಯಿತು. ಹಿಂದೆ ಜೊತೆಗೆ ಇಬ್ಬರು ಮೆಕ್ಯಾನಿಕರಿದ್ದರು. ಒಬ್ಬ ಕತಾರಿಗೆ ಹೋದ, ಇನ್ನೊಬ್ಬ ಮಂಗಳೂರಿನ ಶೋರೂಮು ಸೇರಿದ. ಎರಡು ವರ್ಷದಿಂದ ಅವನೊಬ್ಬನೇ. ಬೆನ್ನು ನೋಯುತ್ತಿತ್ತು; ಪೆಟ್ಟಾಗಿರಲಿಲ್ಲ, ಸುಮ್ಮನೆ ಸವೆದಿತ್ತು. ಬಗ್ಗುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದಾಗ, "ಬಗ್ಗದೆ ಮಾಡುವ ಮೆಕ್ಯಾನಿಕ್ ಕೆಲಸ ಯಾವುದುಂಟು ಡಾಕ್ಟ್ರೇ?" ಎಂದು ಕೇಳಿ ಮಾತ್ರೆ ತೆಗೆದುಕೊಂಡು ಬಂದಿದ್ದ.

ಮಮ್ಮಾಲಿ ಕಾರಿನಿಂದ ಇಳಿದರು. ಆರಿಕ್ಕಾಡಿಯವರು, ಅರವತ್ತಮೂರರ ಮನುಷ್ಯ. ಇಪ್ಪತ್ತೆರಡು ವರ್ಷ ಶಾರ್ಜಾದಲ್ಲಿ ಟ್ರೇಲರ್ ಓಡಿಸಿ ಊರಿಗೆ ಮರಳಿದವರು. ಹೆಂಡತಿ ಕುಂಞಾಮಿನರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಕರೆದುಕೊಂಡು ಹೋಗುವವರು ಮಮ್ಮಾಲಿಯೇ. ಅವತ್ತೂ ಸೋಮವಾರ, ಡಯಾಲಿಸಿಸ್ ಮುಗಿಸಿ ಮರಳುವ ದಾರಿ. ಹಿಂದಿನ ಸೀಟಿನಲ್ಲಿ ಕುಂಞಾಮಿನ ಕಣ್ಣು ಮುಚ್ಚಿ ಒರಗಿದ್ದರು. ಬ್ಯಾಂಡೇಜು ಸುತ್ತಿದ ಎಡಗೈ ತಲೆದಿಂಬಿನ ಮೇಲಿತ್ತು.

"ಎಂತ ಮಮ್ಮಾಲಿಚ್ಚ?"

"ಅದೇ ಮಾರಾಯ. ಎಪ್ಪತ್ತರಲ್ಲಿ ಬ್ರೇಕ್ ಹಾಕಿದರೆ ಸ್ಟೇರಿಂಗ್ ನಡುಗ್ತದೆ. ಪೆಡಲು ಕಾಲನ್ನು ಹಿಂದೆ ದೂಡ್ತದೆ. ಇವತ್ತು ಉಪ್ಪಳದಲ್ಲಿ ಒಂದು ಆಟೋ ಅಡ್ಡ ಬಂತು, ಜೋರು ಬ್ರೇಕ್ ಹಾಕಿದೆ. ಗಾಡಿಯಿಡೀ ಅಲುಗಾಡಿತು. ಅಲ್ಲಿಯೇ ಇವಳಿಗೆ ವಾಂತಿ ಆಯ್ತು."

ಫೆಬ್ರವರಿಯಲ್ಲಿ ಈ ನಡುಕ ಮೊದಲು ಬಂದಾಗ ಜನಾರ್ದನ ಮುಂದಿನ ಎರಡೂ ಚಕ್ರಗಳ ಬ್ರೇಕ್ ಡಿಸ್ಕನ್ನು ಲೇತಿಗೆ ಕೊಟ್ಟು ಮೇಲ್ಮೈ ಕೆತ್ತಿಸಿದ್ದ. ಸರಿಯಾಯಿತು. ಜೂನ್‌ನಲ್ಲಿ ಪುನಃ ಬಂತು. ಆಗ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿ, ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಹೇಳಿದ್ದ: "ಮಮ್ಮಾಲಿಚ್ಚ, ನೀವು ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸ್ತೀರಿ. ಡಿಸ್ಕ್ ಬಿಸಿಯಾಗಿ ಸೊಟ್ಟ ಆಗುದು ಅದಕ್ಕೇ. ಕಾಲು ಹಗುರ ಮಾಡಿ." ಮಮ್ಮಾಲಿ ಎದುರಾಡಿರಲಿಲ್ಲ. ಈಗ ಅಕ್ಟೋಬರ್.

"ಕಾಲು ಹಗುರ ಮಾಡಿದೆ ಜನಾರ್ದನ," ಎಂದರು ಮಮ್ಮಾಲಿ. ಸ್ವರದಲ್ಲಿ ಸಿಟ್ಟಿರಲಿಲ್ಲ. "ನೀನು ಹೇಳಿದ ಹಾಗೆಯೇ ಮಾಡಿದೆ. ಆದರೂ ಬಂತು. ನನ್ನಿಂದ ಇನ್ನು ಆಗುದಿಲ್ಲ ಅಂತ ಕಾಣ್ತದೆ. ಬರುವ ತಿಂಗಳು ಲೈಸೆನ್ಸ್ ಮುಗೀತದೆ. ಹೊಸತು ಮಾಡುದು ಬೇಡ ಅಂತ ಮಗಳು ನಾಝಿಯಾ ಹೇಳ್ತಾಳೆ. ನನಗೂ ಹಾಗೇ ಕಾಣ್ತದೆ. ಇದೊಮ್ಮೆ ಸರಿ ಮಾಡಿ ಕೊಡು, ಮತ್ತೆ ಯಾರನ್ನಾದರೂ ಡ್ರೈವರ್ ನೋಡ್ತೇನೆ."

ಬೈದಿದ್ದರೆ ಜನಾರ್ದನನೂ ಒಂದು ಮಾತು ಆಡುತ್ತಿದ್ದ. ಈಗ ಕೀಲಿಗೆ ಕೈ ಚಾಚಿದ. "ಕಾರು ಇಲ್ಲಿರಲಿ. ಬುಧವಾರ ಬೆಳಿಗ್ಗೆಗೆ ಮೊದಲು ನಾನೇ ತಂದು ಕೊಡ್ತೇನೆ," ಎಂದು ಅವರಿಬ್ಬರಿಗೂ ಆಟೋ ಮಾಡಿಕೊಟ್ಟ.

ಮಂಗಳವಾರ ಬೆಳಿಗ್ಗೆ ಮುಂದಿನ ಚಕ್ರಗಳನ್ನು ಬಿಚ್ಚಿ, ಎರಡೂ ಡಿಸ್ಕ್ ತೆಗೆದು ಗೋಣಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಶಿವಸುಬ್ರಹ್ಮಣ್ಯರ ಲೇತಿಗೆ ಹೋದ. ಐಟಿಐಯಲ್ಲಿ ಪಾಠ ಮಾಡಿ ನಿವೃತ್ತರಾದ ಶಿವಸುಬ್ರಹ್ಮಣ್ಯ ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಲೇತ್ ಇಟ್ಟುಕೊಂಡಿದ್ದರು. ಅವರು ಡಿಸ್ಕನ್ನು ಯಂತ್ರಕ್ಕೆ ಹಿಡಿಸಿ, ಗಡಿಯಾರದಂಥ ಡಯಲ್ ಗೇಜಿನ ಮೊನೆಯನ್ನು ಅದಕ್ಕೆ ತಾಗಿಸಿ, ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಮುಳ್ಳು ಅಲುಗಿದ್ದು ತೀರಾ ಸ್ವಲ್ಪ. ಆಮೇಲೆ ಡಿಸ್ಕಿನ ದಪ್ಪವನ್ನು ಎಂಟು ಕಡೆ ಅಳೆದರು.

"ಜನಾರ್ದನ, ಇದು ಸೊಟ್ಟ ಆಗಿಲ್ಲ."

"ಹಾಗಾದರೆ ನಡುಗುದು ಯಾಕೆ ಮಾಸ್ಟ್ರೇ?"

"ದಪ್ಪ ಒಂದೇ ಸಮ ಇಲ್ಲ. ಒಂದು ಬದಿ ಸವೆದಿದೆ. ಬ್ರೇಕ್ ಹಾಕಿದಾಗ ಪ್ಯಾಡು ಒಮ್ಮೆ ದಪ್ಪ ಭಾಗ, ಒಮ್ಮೆ ತೆಳು ಭಾಗ ಹಿಡೀತದೆ. ನಡುಕ ಅದೇ."

"ಬ್ರೇಕ್ ಹೆಚ್ಚು ಒತ್ತಿ ಸವೆದದ್ದಾ?"

"ಅಲ್ಲ. ಒತ್ತಿ ಸವೆದರೆ ಸುತ್ತಲೂ ಸವೆಯಬೇಕಲ್ಲ? ಇದು ಬ್ರೇಕ್ ಹಾಕದೆ ಓಡುವಾಗ ಸವೆದದ್ದು. ಡಿಸ್ಕ್ ಓರೆ ಕೂತಿದೆ. ಒಂದೊಂದು ಸುತ್ತಿಗೂ ಒಂದೇ ಜಾಗ ಪ್ಯಾಡಿಗೆ ತಾಗ್ತದೆ. ಸಾವಿರಗಟ್ಟಲೆ ಕಿಲೋಮೀಟರ್ ಹಾಗೇ ತಾಗಿದರೆ ಸವೆಯದೆ ಇರ್ತದಾ? ನೀನು ಹೊಸತು ಹಾಕಿದರೆ ಹೊಸತೂ ಹೀಗೇ ಆಗ್ತದೆ." ಅವರು ಕನ್ನಡಕ ತೆಗೆದು ಅವನ ಮುಖ ನೋಡಿದರು. "ಡಿಸ್ಕ್ ಕೂರುವ ಹಬ್ಬಿನ ಮುಖದ ತುಕ್ಕು ಉಜ್ಜಿ ಹಾಕಿದ್ದೆಯಾ?"

"ಉಜ್ಜಿದ್ದೆ," ಎಂದ ಜನಾರ್ದನ.

ಅವರು ಎರಡೂ ಡಿಸ್ಕುಗಳನ್ನು ತೆಳ್ಳಗೆ ಕೆತ್ತಿ ಸಮ ಮಾಡಿದರು. ಅವನು ಹೊರಡುವಾಗ ಕರೆದು, ಡಯಲ್ ಗೇಜನ್ನೂ ಅದರ ಸ್ಟ್ಯಾಂಡನ್ನೂ ಕೈಗೆ ಕೊಟ್ಟರು. "ಅಳತೆ ಮಾಡಿ ನೋಡು. ನಾಳೆ ತಂದು ಕೊಟ್ಟರೆ ಸಾಕು."

ಶೆಡ್ಡಿಗೆ ಬಂದವನು ಬಲಬದಿಯಲ್ಲಿ ಡಿಸ್ಕೂ ಚಕ್ರವೂ ಬಿಗಿದು ಕೂರುವ ಆ ಹಬ್ಬಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಟಾರ್ಚ್ ಹಿಡಿದ. ಉಜ್ಜಿರಲಿಲ್ಲ. ಜೂನ್‌ನ ಆ ದಿನ ನೆನಪಿತ್ತು. ಜಡಿಮಳೆ, ಮೂರು ಗಾಡಿ ಕಾಯುತ್ತಿದ್ದವು, ಬೆಳಗಿನಿಂದ ಬೆನ್ನು ಸೆಟೆದಿತ್ತು. ವಯರ್ ಬ್ರಶ್ಶು ಕೈಗೆ ಸಿಗಲಿಲ್ಲ. ಎದ್ದು ಹುಡುಕುವ ಬದಲು ಎಣ್ಣೆಬಟ್ಟೆಯಲ್ಲಿ ಒಮ್ಮೆ ಒರೆಸಿ ಡಿಸ್ಕ್ ಕೂರಿಸಿಬಿಟ್ಟಿದ್ದ. ಮಮ್ಮಾಲಿಯ ಮನೆ ಇರುವುದು ಕಡಲ ಗಾಳಿಗೆ. ಹಬ್ಬಿನ ಮುಖದಲ್ಲಿ, ಒಂದು ಬೋಲ್ಟಿನ ಬುಡದಲ್ಲಿ, ತುಕ್ಕು ಪದರಗಟ್ಟಿ ಸಾಸಿವೆಯಷ್ಟಗಲ ತುಸು ಉಬ್ಬಿ ಕೂತಿತ್ತು.

ಆದರೂ ಅಳೆಯದೆ ನಂಬಬಾರದು ಎಂದು, ತುಕ್ಕು ತೆಗೆಯದೆಯೇ ಹೊಸದಾಗಿ ಕೆತ್ತಿದ ಡಿಸ್ಕನ್ನು ಅದರ ಮೇಲೆ ಬಿಗಿದು, ಗೇಜು ತಾಗಿಸಿ ತಿರುಗಿಸಿದ. ಮುಳ್ಳು ಮಿಲಿಮೀಟರಿನ ನೂರರಲ್ಲಿ ಹನ್ನೆರಡು ಪಾಲು ಓಡಾಡಿತು. ಲೇತಿನ ಮೇಲೆ ನೆಟ್ಟಗಿದ್ದ ಡಿಸ್ಕ್ ಇಲ್ಲಿ ಓರೆಯಾಗಿತ್ತು. ಇಂಥ ಅಲುಗಾಟ ಹೆಚ್ಚೆಂದರೆ ಐದು ಪಾಲಿರಬಹುದು, ಅದಕ್ಕಿಂತ ಮೇಲೆ ಸಲ್ಲದು. ಊಟದ ಹೊತ್ತಾಗಿತ್ತು, ಆದರೆ ಅವನು ಏಳಲಿಲ್ಲ.

ಆಮೇಲೆ ಡಿಸ್ಕ್ ಬಿಚ್ಚಿ, ಚೂರಿಯ ತುದಿಯಿಂದ ಆ ತುಕ್ಕನ್ನು ಕಿತ್ತು, ವಯರ್ ಬ್ರಶ್ಶಿನಿಂದ ಉಜ್ಜಿ, ಎಮರಿ ಕಾಗದ ಹಾಕಿ, ಲೋಹ ಬೆಳ್ಳಗೆ ಕಾಣುವವರೆಗೂ ತಿಕ್ಕಿದ. ಪುನಃ ಬಿಗಿದು ಅಳೆದ. ಆರು. ಡಿಸ್ಕನ್ನು ಒಂದು ಬೋಲ್ಟಿನ ತೂತಿನಷ್ಟು ತಿರುಗಿಸಿ ಕೂರಿಸಿ ನೋಡಿದ. ನಾಲ್ಕು. ಇನ್ನೊಂದು ತೂತು. ಎರಡು. ಎಡಬದಿಗೂ ಇದೇ ಕೆಲಸ. ಬಗ್ಗಿ ಎದ್ದು, ಬಗ್ಗಿ ಎದ್ದು, ಎರಡು ಚಕ್ರಕ್ಕೆ ಸಂಜೆ ನಾಲ್ಕೂವರೆಯಾಯಿತು. ಚಕ್ರದ ನಟ್ಟುಗಳನ್ನು ಗಾಳಿಯ ಗನ್ನಿನಲ್ಲಿ ಬಡಿಯದೆ, ಬಿಗಿತ ತೋರಿಸುವ ಸ್ಪ್ಯಾನರಿನಲ್ಲಿ ಒಂದು ಬಿಟ್ಟು ಒಂದರಂತೆ ಎಲ್ಲವನ್ನೂ ಒಂದೇ ಸಮ ಬಿಗಿದ. ಕಿತ್ತ ತುಕ್ಕಿನ ಚೂರನ್ನು ಪೇಪರಿನಲ್ಲಿ ಮಡಚಿ ಕಿಸೆಗೆ ಹಾಕಿಕೊಂಡು ಆರಿಕ್ಕಾಡಿಗೆ ಹೊರಟ.

ಮಮ್ಮಾಲಿ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಜನಾರ್ದನ ಕೀಲಿ ಕೊಡಲಿಲ್ಲ. ಕಾಗದ ಬಿಚ್ಚಿ ತೋರಿಸಿದ.

"ನಿಮ್ಮ ಕಾಲಿನದ್ದು ಎಂತ ತಪ್ಪೂ ಇಲ್ಲ ಮಮ್ಮಾಲಿಚ್ಚ. ಇದು ಡಿಸ್ಕಿನ ಅಡಿಯಲ್ಲಿತ್ತು. ಜೂನಲ್ಲಿ ನಾನು ಉಜ್ಜಿ ತೆಗೆಯಬೇಕಿತ್ತು. ತೆಗೀಲಿಲ್ಲ. ಫೆಬ್ರವರಿಯಲ್ಲೂ ತೆಗ್ದಿರ್ಲಿಕ್ಕಿಲ್ಲ. ತಪ್ಪು ನನ್ನದು, ಹೇಳಿದ್ದು ನಿಮ್ಮ ಕಾಲಿಗೆ."

ಮಮ್ಮಾಲಿ ಆ ಚೂರನ್ನು ಉಗುರಿನಲ್ಲಿ ಹೊರಳಿಸಿ ನೋಡಿದರು.

"ನಾಲ್ಕು ತಿಂಗಳು," ಎಂದರು. "ತಲಪಾಡಿ ಟೋಲ್ ಬರ್ಲಿಕ್ಕೆ ಒಂದು ಕಿಲೋಮೀಟರ್ ಇರುವಾಗಲೇ ಗೇರ್ ಇಳಿಸ್ತಿದ್ದೆ. ಹಿಂದಿನವರೆಲ್ಲ ಹಾರ್ನ್ ಹೊಡೀತಿದ್ರು. ನಲವತ್ತು ಟನ್ ಹೊತ್ತು ಮರಳುಗಾಡಲ್ಲಿ ಓಡಿಸಿದವ ನಾನು. ಒಂದು ದಿನ ಒಂದು ಗಾಡಿಗೆ ತಾಗಿಸಿದವನಲ್ಲ. ನನ್ನ ಕಾಲಿಗೆ ವಯಸ್ಸಾಯ್ತು ಅಂತ ನಾನೇ ನಂಬಿದೆ." ಸ್ವರ ಏರಿತು. "ಹೇಳುವ ಮೊದಲು ಒಮ್ಮೆ ನೋಡ್ಬಹುದಿತ್ತಲ್ಲ ನಿನಗೆ? ಇವಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು!"

ಬಾಗಿಲ ಬಳಿಯ ಮಂಚದಿಂದ ಕುಂಞಾಮಿನರ ಸ್ವರ ಬಂತು. "ಮೊದಲು ಚಾಯ ಕೊಡಿ ಅವರಿಗೆ. ಬೈಯುದು ಮತ್ತೆ ಬೈಯಿರಿ."

ಚಾಯ ಆಯಿತು. ಬೈಗುಳ ಮುಂದುವರಿಯಲಿಲ್ಲ. ಇಬ್ಬರೂ ಕಾರು ಹತ್ತಿ ಹೆದ್ದಾರಿಗೆ ಹೋದರು. ಹೊಸ ಮೇಲ್ಮೈಗೆ ಪ್ಯಾಡು ಹೊಂದಿಕೊಳ್ಳಲೆಂದು ಜನಾರ್ದನ ಮೊದಲು ತಾನೇ ಓಡಿಸಿ, ಅರವತ್ತರಿಂದ ಇಪ್ಪತ್ತಕ್ಕೆ ಇಳಿಸುವುದನ್ನು ಹತ್ತು ಹದಿನೈದು ಸಲ ಮಾಡಿದ. ಮತ್ತೆ ಗಾಡಿ ನಿಲ್ಲಿಸಿ ಮಮ್ಮಾಲಿಗೆ ಸೀಟು ಬಿಟ್ಟುಕೊಟ್ಟ.

"ಎಂಬತ್ತಕ್ಕೆ ಹೋಗಿ. ಹಿಂದೆ ಯಾರೂ ಇಲ್ಲ. ಜೋರು ಒತ್ತಿ."

ಮಮ್ಮಾಲಿ ಎಂಬತ್ತಕ್ಕೆ ಏರಿಸಿದರು. ಕಾಲು ಪೆಡಲಿನ ಮೇಲೆ ಬಂತು, ತಡೆಯಿತು, ಬರಿದೇ ತಾಗಿಸಿ ಬಿಟ್ಟಿತು.

"ಒತ್ತಿ ಮಮ್ಮಾಲಿಚ್ಚ."

ಎರಡನೆಯ ಸಲ ಒತ್ತಿದರು. ಕಾರು ತಲೆ ತಗ್ಗಿಸಿ ನೆಟ್ಟಗೆ ನಿಧಾನವಾಯಿತು. ಸ್ಟೇರಿಂಗ್ ಅಲುಗಲಿಲ್ಲ. ಅವರು ಇನ್ನೂ ಮೂರು ಸಲ ಒತ್ತಿ ನೋಡಿದರು. ನಗಲಿಲ್ಲ. "ಸರಿ ಉಂಟು," ಎಂದಷ್ಟೇ ಹೇಳಿ ಕಾರು ತಿರುಗಿಸಿದರು.

ಮರುದಿನ ಗೇಜು ಹಿಂತಿರುಗಿಸುವಾಗ ಜನಾರ್ದನ ಶಿವಸುಬ್ರಹ್ಮಣ್ಯರ ಮುಂದೆ, "ಉಜ್ಜಿರಲಿಲ್ಲ ಮಾಸ್ಟ್ರೇ," ಎಂದ. "ಗೊತ್ತಾಗಿತ್ತು," ಎಂದರು ಅವರು, ಲೇತಿನಿಂದ ಕಣ್ಣು ತೆಗೆಯದೆ.

ಮಮ್ಮಾಲಿ ಕಣ್ಣಿನ ಸರ್ಟಿಫಿಕೇಟು ಮಾಡಿಸಿ ಲೈಸೆನ್ಸ್ ಹೊಸತು ಮಾಡಿಕೊಂಡರು. ನಾಝಿಯಾ ಎರಡು ದಿನ ಮಾತು ಬಿಟ್ಟು ಮತ್ತೆ ಸರಿಯಾದಳಂತೆ. ತಿಂಗಳು ಕಳೆದು ಜನಾರ್ದನ ಬಲಚಕ್ರ ಬಿಚ್ಚಿ ಅಳೆದಾಗ ಮುಳ್ಳು ಅದೇ ಎರಡರಲ್ಲಿತ್ತು. ಈಗ ಅವನ ಬಳಿ ಸ್ವಂತ ಗೇಜುಂಟು. ಡಿಸ್ಕ್ ಬಿಚ್ಚಿದ ಪ್ರತಿ ಗಾಡಿಯ ಹಬ್ಬನ್ನೂ ಉಜ್ಜುತ್ತಾನೆ. ಹಾಗಾಗಿ ದಿನಕ್ಕೊಂದು ಗಾಡಿ ಕಡಿಮೆ. ಕಾಯಲಾರದ ಕೆಲವರು ಕುಂಬಳೆಗೆ ಹೋಗುತ್ತಾರೆ. ಬೆನ್ನು ಮೊದಲಿನ ಹಾಗೆಯೇ ಇದೆ.

ಮೊನ್ನೆ ಫೆಬ್ರವರಿಯಲ್ಲಿ, ಹಿಂದೆ ನಡುಕ ಮರಳುತ್ತಿದ್ದ ನಾಲ್ಕು ತಿಂಗಳು ತುಂಬಿತೆಂದು, ಅಳತೆಗಾಗಿ ಮಮ್ಮಾಲಿ ಮಂಗಳೂರಿನಿಂದ ನೇರ ಸೀತಾಂಗೋಳಿಗೆ ಬಂದರು. ಜನಾರ್ದನ ಜಾಕ್ ಎಳೆದುಕೊಂಡು ಕಾರಿನ ಬಳಿ ಬಂದವನು ಕಿಟಕಿಯೊಳಗೆ ನೋಡಿದ. ಕುಂಞಾಮಿನ ಹಿಂದಿನ ಸೀಟಿನಲ್ಲಿ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು.

"ನಡುಕ ಉಂಟಾ?" ಎಂದು ತಗ್ಗಿದ ಸ್ವರದಲ್ಲಿ ಕೇಳಿದ.

"ಇಲ್ಲ."

"ಹಾಗಾದರೆ ಇವತ್ತು ಬೇಡ. ಎಬ್ಬಿಸಬೇಡಿ. ನಾಳೆ ನಾನೇ ಮನೆಗೆ ಬಂದು ನೋಡ್ತೇನೆ."

ಮಮ್ಮಾಲಿ ತಲೆಯಾಡಿಸಿ, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೊರಟರು. ಶೆಡ್ಡಿನೊಳಗೆ ನೆಕ್ರಾಜೆಯ ಜೀಪೊಂದು ಮಧ್ಯಾಹ್ನದಿಂದ ಕಾಯುತ್ತಿತ್ತು. ಜನಾರ್ದನ ಜಾಕನ್ನು ಅದರ ಕಡೆಗೆ ಎಳೆದುಕೊಂಡು ಹೋದ.