ಗದ್ದದ ಕೆಳಗಿನ ಎಲೆ

ನನ್ನ ದನಿಯ ಹೈ ನೋಟ್ ಎಂದೋ ಹೋಯಿತು. ಆದರೂ ವೀಳ್ಯದೆಲೆ ಕಂಡರೆ ಇವತ್ತಿಗೂ ಗದ್ದ ತಾನಾಗಿ ಇಳಿಯುತ್ತದೆ.

ಕಾನ್ವೆಂಟಿನಲ್ಲಿ ಸಿಸ್ಟರ್ "ಚಿನ್ ಅಪ್, ಗರ್ಲ್ಸ್!" ಎನ್ನುತ್ತಿದ್ದರು. ರಜೆಗೆ ಸವಣೂರಿಗೆ ಬಂದರೆ ನಮ್ಮ ಸಂಗೀತದ ಮಾಸ್ತರರದು ಪೂರಾ ಅಪೋಸಿಟ್. ಎಲೆ-ಅಡಿಕೆಯ ಚಂಚಿಯಿಂದ ಎಳೆಯ ಎಲೆಯೊಂದನ್ನು ತೆಗೆದು, ಒರೆಸಿ, ನನ್ನ ಗದ್ದಕ್ಕೂ ಕೊರಳಿಗೂ ನಡುವೆ ಸಿಕ್ಕಿಸುತ್ತಿದ್ದರು. ಮೇಲಿನ ಸಾ ಹಾಡುವಾಗ ಅದು ಬೀಳಬಾರದು. ನಾನು ಗದ್ದ ಎತ್ತುತ್ತಿದ್ದೆ, ಕೊರಳು ಬಿಗಿಯುತ್ತಿತ್ತು, ಎಲೆ ಬೀಳುತ್ತಿತ್ತು.

"ಸಾ ಏನ ಮಾಳಿಗಿ ಜಂತೀಮ್ಯಾಲ ಕುಂತೈತೇನ ತಂಗಿ? ಹೊಟ್ಟ್ಯಾಗಿಂದ ಉಸಿರು ಬಿಡು. ಪಾಪ, ಕೊರಳಿಗ್ಯಾಕ ಕೆಲಸ ಹಚ್ತಿ?" ದಿನಕ್ಕೆ ಹತ್ತು ಸಲ ಇದೇ ಮಾತು.

ಹಿರೇಕೆರೂರಿನಲ್ಲಿ ನನ್ನ ಮೊದಲ ಪ್ರೋಗ್ರಾಂ. ಹಿಂದಿನ ದಿನವೂ ಅದೇ ಸ್ವರದಲ್ಲಿ ದನಿ ಒಡೆದಿತ್ತು. "ನಾಳೆ ಮಂದಿ ನಕ್ಕರ ಈ ಸಂಗೀತ ಸಾಕ ಮಾಡು" ಎಂದು ಅಪ್ಪ ಹೇಳಿಬಿಟ್ಟಿದ್ದರು. ಹಾಡು ಆ ಜಾಗಕ್ಕೆ ಬರುತ್ತಿದ್ದಂತೆ ನನ್ನ ಗದ್ದ ಏರತೊಡಗಿತು. ಮುಂದಿನ ಸಾಲಿನಲ್ಲಿದ್ದ ಮಾಸ್ತರರು ಚಂಚಿ ಬಿಚ್ಚಿ, ಎಲೆಯೊಂದನ್ನು ತಮ್ಮದೇ ಗದ್ದದ ಕೆಳಗೆ ಸಿಕ್ಕಿಸಿಕೊಂಡು, ಬಹಳ ಸೀರಿಯಸ್ಸಾಗಿ ನನ್ನನ್ನೇ ನೋಡಿದರು.

"ಮಾಸ್ತರ್ರ, ಎಲಿ ಬಾಯಾಗ ಹಾಕ್ಕೋಬೇಕ್ರಿ!" ಎಂದು ಯಾರೋ ಕೂಗಿದರು. ಮಂದಿ ನಕ್ಕರು, ಅವರನ್ನು ನೋಡಿ. ನನಗೂ ನಗು ಬಂತು. ಗದ್ದ ಇಳಿಯಿತು, ಕೊರಳು ಸಡಿಲಾಯಿತು, ಸಾ ಎಷ್ಟು ಈಸಿಯಾಗಿ ಬಂತೆಂದರೆ ಅದು ನನ್ನದೇ ದನಿಯೆಂದು ನಂಬಲಾಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ನೋಡಿದೆ. ಮಾಸ್ತರರು ಅದೇ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪಕ್ಕದಲ್ಲಿ ಅಪ್ಪ ಅವರಿಗೆ ಅಡಿಕೆ ಕತ್ತರಿಸಿ ಕೊಡುತ್ತಿದ್ದರು.