ಬೋಳು ತಲೆಯ ಜೀಪುಗಳು, ಹುಡ್ಡಕ್ಕನ ಹೊಟ್ಟೆಕಿಚ್ಚು

ಬೆಳಗಿನ ಬೆಳಕು ಶೆಡ್ಡಿನ ಬಾಗಿಲವರೆಗೆ ಬಂದಿದೆಯಷ್ಟೆ, ಇನ್ನೂ ಒಳಗೆ ಕಾಲಿಟ್ಟಿಲ್ಲ. ಹುಡ್ಡಕ್ಕ ಮಾತ್ರ ಆಗಲೇ ಕೆಲಸಕ್ಕೆ ಕೂತಾಗಿದೆ. ಕೋಣೆಯಷ್ಟು ಅಗಲದ ಹಸಿರು ಕ್ಯಾನ್ವಾಸ್ ಬಟ್ಟೆಯನ್ನು ನೆಲಕ್ಕೆ ಹಾಸಿ, ನಡುವೆ ಮಂಡಿಯೂರಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾರೆ. ಕೊರಳಲ್ಲಿ ಅಳತೆಯ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ, ತುಟಿಗಳ ನಡುವೆ ಗುಂಡುಸೂಜಿ. ಮಾತಾಡಿಸಿದರೆ ಸೂಜಿಗಳ ಸಂದಿಯಿಂದಲೇ ಉತ್ತರ ಬರುತ್ತದೆ.

"ಬಟ್ಟೆ ತುಳೀಬೇಡಿ, ಚಪ್ಪಲಿ ಆಚೆ ಬಿಡಿ. ಇಂಜಿನ್ ನೋಡೋಕೆ ಬಂದಿದ್ರೆ ಆ ಕಡೆ ಹೋಗಿ, ನನ್ನ ತಮ್ಮ ಇದಾನೆ. ಎಲ್ರೂ ಅವನನ್ನೇ ನೋಡೋಕೆ ಬರೋದು."

ಹಳೆಯ ಜೀಪುಗಳ ತಲೆಗೆ ಕ್ಯಾನ್ವಾಸಿನ ಹುಡ್ಡು ಹೊಲಿಯುವುದು ಇವರ ಕಸುಬು. ಹಾಗಾಗಿ ಊರಿಗೆಲ್ಲ ಹುಡ್ಡಕ್ಕ. ಮನೆಯವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ, ಕರೆಂಟ್ ಬಿಲ್ಲಿನವರಿಗೂ ಇಲ್ಲ, ಏಕೆಂದರೆ ಅದು ಬರುವುದು ತಮ್ಮನ ಹೆಸರಿಗೆ. ಬಾಗಿಲ ಮೇಲಿನ ಬೋರ್ಡಿನಲ್ಲಿರುವುದೂ ತಮ್ಮನೇ. ಇಂಜಿನ್, ಗೇರು, ಚಕ್ರ ಎಲ್ಲ ಅವನ ಪಾಲು. ಜನ ಅವನನ್ನು "ಮೇಸ್ತ್ರಿ" ಅನ್ನುತ್ತಾರೆ, ಅನ್ನುವಾಗ ದನಿ ಸ್ವಲ್ಪ ತಗ್ಗಿಸುತ್ತಾರೆ. ಆ ತಗ್ಗಿದ ದನಿ ಕೇಳಿದಾಗಲೆಲ್ಲ ಹುಡ್ಡಕ್ಕನಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

"ಹೊಟ್ಟೆಕಿಚ್ಚಾ ಅಂತ ಕೇಳ್ತೀರಾ? ಹೌದಪ್ಪ, ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳ್ಲಿ? ಅವನು ಒಳ್ಳೇವನೇ. ಅದೂ ಒಂದು ಸಂಕಟ. ಕೆಟ್ಟವನಾಗಿದ್ರೆ ಆರಾಮಾಗಿ ಬೈಕೊಂಡು ಇರಬಹುದಿತ್ತು."

ಈ ಕಿಚ್ಚಿಗೆ ಸೌದೆ ಒಟ್ಟುವುದು ಶೆಡ್ಡಿನ ಎದುರು ಗೋಡೆ. ಅಲ್ಲಿ ತಮ್ಮ ರಿಪೇರಿ ಮಾಡಿದ ಜೀಪುಗಳ ಫೋಟೋಗಳು ಸಾಲಾಗಿವೆ. ಚಪ್ಪಟೆ ಮಡ್ಗಾರ್ಡು, ದುಂಡು ದೀಪ, ಮುಂದಕ್ಕೆ ಮಲಗಿಸಿದ ಗಾಜು, ಬೆನ್ನಿಗೆ ಸ್ಟೆಪ್ನಿ. ಒಂದಕ್ಕಿಂತ ಒಂದು ಚೆಂದ. ಆದರೆ ಈಚಿನವರೆಗೂ ಒಂದಕ್ಕೂ ಹುಡ್ಡಿರಲಿಲ್ಲ! ಫೋಟೋ ಅಂದ ಕೂಡಲೇ ಮಾಲೀಕರು ಮಾಡುವ ಮೊದಲ ಕೆಲಸ ಹುಡ್ಡು ಬಿಚ್ಚುವುದು. ಹೊಲಿದದ್ದೆಲ್ಲ ಸುರುಳಿಯಾಗಿ ಹಿಂದಿನ ಸೀಟಿನ ಕೆಳಗೆ ಸೇರುತ್ತದೆ.

"ಎಲ್ಲದಕ್ಕೂ ಬೋಳು ತಲೆನೇ ಇತ್ತು," ಎಂದು ಹುಡ್ಡಕ್ಕ ಮೂಗು ಮುರಿಯುತ್ತಾರೆ. "ಅಷ್ಟೊಂದು ಜೀಪಲ್ಲಿ ಒಂದಕ್ಕಾದ್ರೂ ತಲೆ ಮೇಲೆ ಬಟ್ಟೆ ಬೇಡ್ವಾ? ಆ ಗೋಡೆ ಮೇಲೆ ನನ್ನ ಹುಡ್ಡು ಇರೋ ಒಂದೇ ಒಂದು ಫೋಟೋ ಬರಬೇಕು ಅಂತ ಎಷ್ಟು ವರ್ಷ ಕಾದಿದ್ದೆ ಗೊತ್ತಾ?"

ಜೀಪು ಈ ಮನೆಗೆ ಬಂದದ್ದು ಅಪ್ಪನ ಕಾಲದಲ್ಲಿ. ಸೈನ್ಯದವರು ಹರಾಜು ಹಾಕಿದ ಗಾಡಿಯೊಂದನ್ನು ತಂದು ಅಪ್ಪ ಗುಡ್ಡದ ಮೇಲಿನ ಹಳ್ಳಿಗಳಿಗೆ ಬಾಡಿಗೆಗೆ ಬಿಟ್ಟಿದ್ದರು. ಟಪಾಲು, ಹೆರಿಗೆ ನೋವಿನ ಹೆಂಗಸರು, ಮತಪೆಟ್ಟಿಗೆ, ಮದುವೆ ಗಂಡು, ಎಲ್ಲರೂ ಅದರಲ್ಲೇ ಹತ್ತಿ ಇಳಿದವರು. ಬೇರೆ ಗಾಡಿಗಳು ಕೆಸರು ಕಂಡು ಮುಖ ತಿರುಗಿಸುವಲ್ಲಿ ಅಪ್ಪ ಪುಟ್ಟ ಗೇರುಕೋಲನ್ನು ಎಳೆಯುತ್ತಿದ್ದರು. ನಾಲ್ಕೂ ಚಕ್ರಕ್ಕೆ ಜೀವ ಬಂದು ಗಾಡಿ ಗೊಣಗುತ್ತ ಮೇಲೇರುತ್ತಿತ್ತು. ಅದಕ್ಕೆ ವೇಗ ಇರಲಿಲ್ಲ, ಮೆತ್ತನೆಯ ಸೀಟಿರಲಿಲ್ಲ. ಹೊರಟ ಮೇಲೆ ತಲುಪುತ್ತದೆ ಎಂಬ ನಂಬಿಕೆಯೊಂದಿತ್ತು. ಇವತ್ತಿಗೂ ಜನ ಈ ಗಾಡಿಗೆ ಮರುಳಾಗುವುದು ಅದಕ್ಕೇ ಎನ್ನುತ್ತಾರೆ ಹುಡ್ಡಕ್ಕ. "ಇದಕ್ಕೆ ಸೋಗು ಗೊತ್ತಿಲ್ಲ. ಏನಿದ್ರೂ ಮುಖದ ಮೇಲೇ."

ಒಮ್ಮೆ ಬಿರುಗಾಳಿಗೆ ಆ ಜೀಪಿನ ಹುಡ್ಡು ಹರಿಯಿತು. ಆಗಿನ್ನೂ ಹುಡುಗಿಯಾಗಿದ್ದ ಹುಡ್ಡಕ್ಕ ಅಮ್ಮನ ಹೊಲಿಗೆ ಮಿಷನ್ನಿನಲ್ಲಿ ಅದಕ್ಕೆ ತೇಪೆ ಹಾಕಲು ಕೂತರು. ಸೂಜಿಯ ಮೇಲೆ ಸೂಜಿ ಮುರಿಯಿತು, ಅಮ್ಮನ ಬೈಗುಳ ಮುಗಿಯಲಿಲ್ಲ, ತೇಪೆ ಮಾತ್ರ ನಿಂತಿತು. ಅಪ್ಪ ಮರುವಾರವೇ ಚರ್ಮ ಹೊಲಿಯುವ ದಪ್ಪ ಮಿಷನ್ ಹೊತ್ತು ತಂದರು. ಮಗನ ಕೈಗೆ ಸ್ಪ್ಯಾನರು, ಮಗಳ ಕೈಗೆ ಸೂಜಿ. ಅಪ್ಪನ ಲೆಕ್ಕದಲ್ಲಿ ಎರಡೂ ಸಮಪಾಲು. ಊರಿನ ಲೆಕ್ಕದಲ್ಲಿ ಅಲ್ಲ.

ಒಂದು ಹುಡ್ಡಿಗೆ ಹತ್ತು ದಿನ ಹಿಡಿಯುತ್ತದೆ. ಬಟ್ಟೆ ಕತ್ತರಿಸಿ, ಅಂಚನ್ನು ಎರಡು ಮಡಿಕೆ ಮಡಚಿ, ಮೇಣ ಸವರಿದ ದಾರದಲ್ಲಿ ಹೊಲಿಯಬೇಕು. ನೀರು ನಿಲ್ಲುವುದು ಹೊಲಿಗೆಯ ಸಾಲಿನಲ್ಲೇ ಆದ್ದರಿಂದ ಮಡಿಕೆ ಯಾವಾಗಲೂ ಕೆಳಮುಖ. ಕಬ್ಬಿಣದ ಕಮಾನುಗಳ ಮೇಲೆ ಎಳೆದು ಕಟ್ಟುವಾಗ ಬೆರಳ ತುದಿಗಳ ಸಿಪ್ಪೆ ಏಳುತ್ತದೆ. ಭುಜದ ನೋವಿಗೆ ವೈದ್ಯರು ಆರು ತಿಂಗಳು ವಿಶ್ರಾಂತಿ ಹೇಳಿದ್ದರು. "ಆರು ತಿಂಗಳು ಕೂತಿದ್ರೆ ಭುಜ ಸರಿಹೋಗುತ್ತೆ, ತಲೆ ಕೆಡುತ್ತೆ," ಎಂದು ಮೂರನೇ ದಿನವೇ ಮಿಷನ್ನಿನ ಮುಂದೆ ಕೂತವರು ಇವರು.

ಈ ವರ್ಷ ಅವಕಾಶ ಒದಗಿಬಂದಿತ್ತು. ಹಳೆಯ ಜೀಪುಗಳ ವಾರ್ಷಿಕ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಮುಂದಿನ ಸ್ಥಾನ ದನದ ಡಾಕ್ಟರಮ್ಮನ ಜೀಪಿಗೆ ಸಿಕ್ಕಿತ್ತು. ಇಂಜಿನ್ ತಮ್ಮನದು, ಹುಡ್ಡು ಅಕ್ಕನದು. ಊರಾಚೆಯ ದಿಬ್ಬದ ಮೇಲೆ ಫೋಟೋದವರು ಕಾಯುತ್ತಾರೆ, ಮುಂದಿನ ಗಾಡಿಯ ಫೋಟೋ ತಪ್ಪದೆ ತೆಗೆಯುತ್ತಾರೆ. ಆದರೆ ತಮ್ಮ ಹಿಂದಿನ ದಿನವೇ ಹೇಳಿಬಿಟ್ಟ: "ಅಕ್ಕ, ಬೆಳಗ್ಗೆ ಹುಡ್ಡು ಬಿಚ್ಚಿಡೋಣ. ಓಪನ್ ಇದ್ರೇನೇ ಗಾಡಿಗೆ ಕಳೆ."

ಹುಡ್ಡಕ್ಕ ಹೂಂ ಅಂದರು. ಅವನು ಮನೆಗೆ ಹೋಗುವುದನ್ನೇ ಕಾದು, ಹುಡ್ಡನ್ನು ಕಟ್ಟುವ ಪಟ್ಟಿಗಳ ಬಕಲ್ಲುಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಕೈಹೊಲಿಗೆ ಹಾಕಿದರು. ಅಕ್ಕಪಕ್ಕ ಹೊಲಿದರು. ಹಿಂದಿನ ಪರದೆಯನ್ನೂ ಬಿಡಲಿಲ್ಲ. ಕಮಾನಿಗೆ ಸುತ್ತಿ ಸುತ್ತಿ, ಜೋಡಿ ದಾರದಲ್ಲಿ, ಗಂಟನ್ನು ಒಳಗೆ ಮುಚ್ಚಿ. ಗಾಡಿಯ ಚರ್ಮವೇ ಅನ್ನುವ ಹಾಗೆ ಹುಡ್ಡು ಅಂಟಿಕೊಂಡಿತು.

ಬೆಳಗ್ಗೆ ಬಿಚ್ಚಲು ಬಂದ ತಮ್ಮ ಬಕಲ್ ಹುಡುಕಿ ಹುಡುಕಿ ಸುಸ್ತಾದ.

"ಏನಕ್ಕ ಇದು?"

"ಹೊಲಿಗೆ."

"ಅದು ಕಾಣುತ್ತೆ. ಬಿಚ್ಚೋದು ಹೇಗೆ?"

"ಬಿಚ್ಚೋದಾದ್ರೆ ಮಧ್ಯಾಹ್ನ ಆಗುತ್ತೆ. ಕತ್ತರಿಸೋದಾದ್ರೆ ಒಂದು ನಿಮಿಷ. ತಗೋ ಬ್ಲೇಡು, ನೀನೇ ಕತ್ತರಿಸು."

ತಮ್ಮ ಬ್ಲೇಡು ಹಿಡಿದ. ಹೊಲಿಗೆಯ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಕೈ ಏಳಲಿಲ್ಲ. ಬ್ಲೇಡನ್ನು ಅಲ್ಲೇ ಕುಕ್ಕಿ, ಮುಖ ಊದಿಸಿಕೊಂಡು ಹಿಂದಿನ ಜೀಪಿಗೆ ಹೋಗಿ ಕೂತ. ಅದು ತಲೆ ಬೋಳಿಸಿಕೊಂಡು ನಿಂತಿದ್ದ ಜೀಪು. ಡಾಕ್ಟರಮ್ಮ ಗಡಿಯಾರ ನೋಡಿ, "ಇರ್ಲಿ ಬಿಡಿ ಮೇಸ್ತ್ರಿ, ಹೀಗೇ ಹೋಗೋಣ," ಎಂದರು. ಹುಡ್ಡಕ್ಕ ಅವರ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಕಾಲು ನೆಲದ ಮೇಲೆ ಇದ್ದರೆ ತಾನೇ?

ದಿಬ್ಬ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ ಡಾಕ್ಟರಮ್ಮನ ಫೋನು ಬಡಿದುಕೊಂಡಿತು. ಹಸುವೊಂದಕ್ಕೆ ಹೆರಿಗೆ ಕಷ್ಟವಾಗಿದೆ, ಕೊಟ್ಟಿಗೆ ಹೊಲಗಳ ಆಚೆ. ಅವರು ಮತ್ತೊಂದು ಮಾತಾಡದೆ ಸ್ಟೇರಿಂಗ್ ತಿರುಗಿಸಿದರು. ದಿಬ್ಬ ಕಿಟಕಿಯಲ್ಲಿ ಹಿಂದಕ್ಕೆ ಸರಿಯಿತು. ಹುಡ್ಡಕ್ಕ ಕತ್ತು ಹೊರಳಿಸಿ ಅದನ್ನೇ ನೋಡಿದರು. ಎಲ್ಲೋ ಇದ್ದ ಹಸುವಿನ ಮೇಲೂ ಆ ಕ್ಷಣ ಸಿಟ್ಟು ಬಂತಂತೆ.

ದಾರಿಯೆಂದರೆ ಉತ್ತ ಹೊಲದ ಅಂಚು, ಮೇಲಿಂದ ಜಿಟಿಜಿಟಿ ಮಳೆ. ಡಾಕ್ಟರಮ್ಮ ಪುಟ್ಟ ಗೇರುಕೋಲು ಎಳೆದರು. ಜೀಪು ಗೊಣಗುತ್ತ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಜಾರುತ್ತ, ಎಲ್ಲೂ ನಿಲ್ಲದೆ ಕೊಟ್ಟಿಗೆ ಮುಟ್ಟಿತು. "ತಮ್ಮನ ಕೆಲ್ಸ ಚೆನ್ನಾಗಿತ್ತು," ಎಂದು ಹುಡ್ಡಕ್ಕ ಈಗಲೂ ಒಪ್ಪಿಕೊಳ್ಳುತ್ತಾರೆ. ಒಪ್ಪುವಾಗ ಹಲ್ಲು ಸ್ವಲ್ಪ ಕಚ್ಚಿರುತ್ತದೆ.

ತಾಯಿ ಉಳಿಯಿತು, ಕರುವೂ ಹುಟ್ಟಿತು. ಆದರೆ ಅದಕ್ಕೆ ತಲೆ ಎತ್ತುವಷ್ಟೂ ತ್ರಾಣವಿರಲಿಲ್ಲ, ಮೈ ತಣ್ಣಗಾಗುತ್ತಿತ್ತು. ಬೇಗ ಆಸ್ಪತ್ರೆಗೆ ಒಯ್ಯಬೇಕು. ಹಸುವಿನ ಯಜಮಾನ ಕರುವನ್ನು ಗೋಣಿಯಲ್ಲಿ ಸುತ್ತಿ ಎದೆಗವಚಿಕೊಂಡು ಮಳೆಯಲ್ಲಿ ಜೀಪಿನ ಹಿಂದೆ ಬಂದು ನಿಂತ. ಮುಂದಿನಿಂದ ತೂರಿಸೋಣವೆಂದರೆ ಗೇರುಕೋಲುಗಳ ಅಡ್ಡ.

"ಅಕ್ಕ, ಹಿಂದಿನ ಪರದೆ ತೆಗೀರಿ," ಎಂದರು ಡಾಕ್ಟರಮ್ಮ.

"ತೆಗೆಯೋಕೆ ಬರಲ್ಲ ಡಾಕ್ಟ್ರಮ್ಮ."

"ಯಾಕೆ?"

"ಹೊಲ್ದುಬಿಟ್ಟಿದೀನಿ."

"ಅದ್ಯಾಕೆ ಹೊಲಿದ್ರಿ?"

"ಹೊಟ್ಟೆಕಿಚ್ಚಿಗೆ."

ಹುಡ್ಡಕ್ಕನ ಸೊಂಟದಲ್ಲಿ ದಾರ ಕತ್ತರಿಸುವ ಚಾಕು ಯಾವಾಗಲೂ ಇರುತ್ತದೆ. ತಮ್ಮನಿಗೆ ಕೈ ಬಾರದ ಕೆಲಸವನ್ನು ಅವರೇ ಮಾಡಿದರು. ದಾರ ಜಗ್ಗಲಿಲ್ಲ, ಅಷ್ಟು ಬಿಗಿ. ಕೊನೆಗೆ ಬಟ್ಟೆಗೇ ಚಾಕು ಹಾಕಿ ಅಂಚನ್ನು ಉದ್ದಕ್ಕೂ ಸೀಳಿದರು. "ಅವತ್ತು ನನ್ನ ಹೊಲಿಗೆ ಮೇಲೆ ನನಗೇ ಕೋಪ ಬಂತು. ಇಷ್ಟು ಗಟ್ಟಿ ಯಾಕೆ ಹೊಲಿದ್ಯೇ ಪಾಪಿ ಅಂತ ಬೈಕೊಂಡೆ. ಕರು ಕಣ್ಣು ಮುಚ್ತಾ ಇತ್ತು." ಕರುವನ್ನು ಒಳಗೆ ಮಲಗಿಸಿ, ಪಕ್ಕದಲ್ಲಿ ತಾವೂ ಕೂತು, ಸೆರಗಿನಿಂದ ಅದರ ಮೈ ಉಜ್ಜುತ್ತ ಹೊರಟರು.

ಆಸ್ಪತ್ರೆಯ ದಾರಿ ದಿಬ್ಬದ ಮೇಲಿಂದಲೇ. ಅಲ್ಲಿ ಮೆರವಣಿಗೆಯ ಜೀಪುಗಳೆಲ್ಲ ಮುಂದಿನ ಗಾಡಿಗಾಗಿ ಕಾದು, ನೆನೆದು ತೊಪ್ಪೆಯಾಗಿ ನಿಂತಿದ್ದವು. ಬೋಳು ತಲೆಯ ಜೀಪಿನ ಸೀಟಿನಲ್ಲಿ ತಮ್ಮ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕೂತಿದ್ದ. ಅಕ್ಕನನ್ನು ಕಂಡು ಬಾಯಿ ತೆರೆದವನು ಕರುವನ್ನು ಕಂಡು ಮುಚ್ಚಿದ, ಇಳಿದು ಓಡಿ ಗಾಡಿಗಳನ್ನು ಬದಿಗೆ ಸರಿಸಿ ದಾರಿ ಬಿಡಿಸಿದ. ಡಾಕ್ಟರಮ್ಮನ ಜೀಪು ದಾಟುವಾಗ ಸೀಳಿದ ಪರದೆಯ ಸಂದಿಯಿಂದ ಕರು ಮೊದಲ ಬಾರಿಗೆ ಮುಖ ಎತ್ತಿ ಹೊರಗೆ ನೋಡಿತು. ಫೋಟೋದವನು ಕ್ಲಿಕ್ಕಿಸಿದ.

ಕರು ಉಳಿಯಿತು. ಆ ಫೋಟೋ ಈಗ ಗೋಡೆಯ ಮೇಲಿದೆ, ನಟ್ಟನಡುವೆ. ಮೊಳೆ ಹೊಡೆದವನು ತಮ್ಮನೇ. ಹುಡ್ಡು ಉಳಿದೆಲ್ಲ ಕಡೆ ಬಿಗಿಯಾಗಿ, ಒಂದು ಸುಕ್ಕಿಲ್ಲದೆ ಕೂತಿದೆ. ಡಾಕ್ಟರಮ್ಮ ಹೊಸ ಪರದೆ ಬೇಡವೆಂದರಂತೆ, ಸೀಳಿದ್ದಕ್ಕೇ ತೇಪೆ ಹಾಕಿಸಿಕೊಂಡು ದಿನಾ ಅದರಲ್ಲೇ ಓಡಾಡುತ್ತಾರೆ. ಎಲ್ಲ ಹುಡ್ಡುಗಳಿಗೂ ಈಗ ಬಕಲ್ಲು ಕಡ್ಡಾಯ, ಹಿಂದಿನ ಪರದೆಗೆ ಒಂದು ಹೆಚ್ಚು.

ಶೆಡ್ಡಿನೊಳಕ್ಕೆ ಬಿಸಿಲು ಬಂದಿದೆ. ಜೀಪನ್ನು ರಿಪೇರಿಗೆ ಬಿಡಲು ಬಂದ ಗಿರಾಕಿಯೊಬ್ಬರು ಗೋಡೆಯ ಮುಂದೆ ನಿಂತು, "ಅಬ್ಬಾ, ಕರು ಎಷ್ಟು ಮುದ್ದಾಗಿದೆ!" ಎನ್ನುತ್ತಾರೆ.

ಹುಡ್ಡಕ್ಕ ಬಾಯಿಂದ ಸೂಜಿಗಳನ್ನು ಒಂದೊಂದೇ ತೆಗೆಯುತ್ತಾರೆ. "ನೋಡಿದ್ರಾ? ಬಂದೋರೆಲ್ಲ ಇದನ್ನೇ ಹೇಳೋದು. ಇಷ್ಟು ವರ್ಷ ತಮ್ಮನ ಮೇಲಿತ್ತು, ಈಗ ಆ ಕರು ಮೇಲೆ ಹೊಟ್ಟೆಕಿಚ್ಚು." ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟು, ಎದ್ದು ಬಂದು, ಗಿರಾಕಿಯ ಪಕ್ಕ ನಿಂತು ಫೋಟೋದತ್ತ ಬೆರಳು ತೋರಿಸುತ್ತಾರೆ.

"ಹೊರಗೆ ಮಳೆ ಹೇಗೆ ಬರ್ತಿದೆ ನೋಡಿ. ಈಗ ಕರು ಮೈ ನೋಡಿ. ಒಂದು ಹನಿ ಬಿದ್ದಿಲ್ಲ."