ತಡವಾಗಿ ಬಂದ ಬಯಾಪ್ಸಿ ವರದಿ

“ಏನೈತೆ ಅಂತ ಓದಿ ಹೇಳಪ್ಪ,” ಎಂದು ಮಂಡಿ ಮೊಹಲ್ಲಾದ ಲ್ಯಾಬಿನಲ್ಲಿ ಹಿರಿಯರೊಬ್ಬರು ತಮ್ಮ ಹೆಂಡತಿಯ ಬಯಾಪ್ಸಿ ವರದಿಯನ್ನು ನನ್ನ ಕೈಗಿತ್ತರು. ಕರುಳಿನಲ್ಲಿ ಉರಿಯೂತ ಮತ್ತು ಹುಣ್ಣು, ಅಷ್ಟೇ. “ಕ್ಯಾನ್ಸರ್ ಅಲ್ಲ ತಾತ! ಗುಣ ಆಗುತ್ತೆ ಬಿಡಿ,” ಎಂದೆ ಖುಷಿಯಿಂದ.

“ಹೋಗ್ಬುಟ್ಳು ಕಣಪ್ಪ. ಆಪರೇಷನ್ ಆದ್ಮೇಲೆ ಏಳ್ಲೇ ಇಲ್ಲ. ಕ್ಯಾನ್ಸರೇ ಅಂತ ಕೊನೇವರ್ಗೂ ಹೆದರ್ಕೊಂಡಿದ್ಲು. ನಾಳೆ ಪಶ್ಚಿಮವಾಹಿನೀಲಿ ಅಸ್ಥಿ ಜೊತೆ ಈ ಕಾಗ್ದಾನೂ ಬುಡ್ತೀನಿ, ಅವ್ಳಿಗೂ ಗೊತ್ತಾಗ್ಲಿ. ಇಂಗ್ಲಿಷ್ ಬರಲ್ಲ ಅವ್ಳಿಗೆ, ಹಿಂದ್ಗಡೆ ಕನ್ನಡದಲ್ಲಿ ಬರ್ಕೊಡು.”

ಸತ್ತವರು ಏನನ್ನೂ ಓದಲಾರರು ಎಂದು ಯಾವ ಚರ್ಚಾಸ್ಪರ್ಧೆಯಲ್ಲಾದರೂ ವಾದಿಸಿ ಗೆಲ್ಲಬಲ್ಲೆ. ಅಂದು ಮಾತ್ರ ಜೇಬಿನ ಜೆಲ್ ಪೆನ್ ಬಿಟ್ಟು, ಲ್ಯಾಬಿನವರ ಬಾಲ್‌ಪೆನ್ ಕೇಳಿ ಪಡೆದು, ‘ಕ್ಯಾನ್ಸರ್ ಅಲ್ಲ’ ಎಂದು ಒತ್ತಿ ಬರೆದೆ. ನೀರಿಗೆ ಬಿದ್ದೊಡನೆ ಅಕ್ಷರ ಅಳಿಸಿಹೋಗಬಾರದಲ್ಲ.